ನೀರು ಕುಡಿಯದ ಹರಿಗೋಲು

"ಆಂಟಿ, ಈ ಫ್ರಾಕ್ ಹಾಕ್ಕೊಂಡು ನಿಂತ ಹುಡುಗಿ ನೀವೇ ಹೌದಲ್ರಿ?"

ಟೀಪಾಯಿಯ ಮೇಲೆ ಒಂದು ಜೆರಾಕ್ಸ್ ಹಾಳೆ. ಅದರಲ್ಲೊಂದು ಹಳೆಯ ಫೋಟೋ. ಮಸಿ ಹರಡಿ ಮುಖಗಳು ಅರ್ಧ ಮಾಯವಾಗಿವೆ. ಆದರೂ ಆ ಲೇಸಿನ ಕಾಲರ್ ನನಗೆ ಗುರುತು ಸಿಗದೇ ಇರುತ್ತದೆಯೇ? ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಕೈಯಾರೆ ಹೆಣೆದು ಕೊಟ್ಟಿದ್ದು. ಇಂಗ್ಲಿಷಿನಲ್ಲಿ ಫಸ್ಟ್ ಬಂದದ್ದಕ್ಕೆ ಪ್ರೈಜು.

ನಾನು ಕನ್ನಡಕ ತೆಗೆದೆ. ಒರೆಸಿದೆ. ಮತ್ತೆ ಹಾಕಿಕೊಂಡೆ. ಬಹಳ ಹೊತ್ತು ನೋಡಿದವಳ ಹಾಗೆ ನೋಡಿ ಹೇಳಿದೆ: "ಅಷ್ಟ ಹಿಂದಿಂದು ಯಾರಿಗಿ ನೆನಪಿರ್ತದವ್ವಾ, ಮೈ ಡಿಯರ್?"

ಸುಳ್ಳು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನನ್ನದೇ ಸೋಫಾದ ಮೇಲೆ ಕೂತು ಹೇಳಿದ ಶುದ್ಧ ಸುಳ್ಳು.

(ಈ ಅಂಕಣದಲ್ಲಿ ನಾನು ಬೇರೆಯವರ ಸುಳ್ಳುಗಳನ್ನು ಎಷ್ಟು ವಾರ ಅರೆದಿದ್ದೇನೆ ಎಂಬುದು ನಿಮಗೆ ಗೊತ್ತು. ಹಾಲಿನವನನ್ನು ಬಿಟ್ಟಿಲ್ಲ, ಟೈಲರನನ್ನು ಬಿಟ್ಟಿಲ್ಲ, ಮದುವೆಯ ದಲ್ಲಾಳಿಯನ್ನೂ ಬಿಟ್ಟಿಲ್ಲ. ಈ ವಾರ ನನ್ನ ಸರದಿ.)

ಹುಡುಗಿಯ ಹೆಸರು ಶಶಿಕಲಾ. ಕಮಲಾಪುರದವಳು. ಇಲ್ಲೇ ಕಲಬುರಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಬರುವಾಗ ಊರಿನ ಕೆಂಪು ಬಾಳೆಯ ಚಿಪ್ಪೊಂದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದಳು. ಅವಳ ರಿಸರ್ಚಿನ ಸಬ್ಜೆಕ್ಟು ಹೊಲಿದ ದೋಣಿಗಳು.

ನಗಬೇಡಿ. ದೋಣಿಯನ್ನೂ ಹೊಲಿಯುತ್ತಾರೆ. ಕಡಲ ತೀರದಲ್ಲಿ ಹಲಗೆಯ ಅಂಚಿಗೆ ಸಾಲಾಗಿ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಬಿಗಿದು, ಒಂದೇ ಒಂದು ಮೊಳೆಯಿಲ್ಲದೆ ಹಡಗುಗಳನ್ನೇ ಕಟ್ಟುತ್ತಿದ್ದರಂತೆ. ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಹೊಲಿಗೆ ಅಲೆಗೆ ಬಾಗುತ್ತದೆ, ಒಡೆಯುವುದಿಲ್ಲ. "ಆದ್ರ ಕೆಸರಾಗ ನಮಗ ಸಿಗೂದು ತೂತಿನ ಹಲಿಗಿ ಅಷ್ಟೇ ರಿ," ಎಂದಳು ಶಶಿಕಲಾ. "ಹಗ್ಗ ಮೊದಲ ಕೊಳತಿರ್ತದ. ಹೊಲದಾವ್ರು ಯಾರು ಅಂಬೂದು ಅದಕ್ಕಿಂತ ಮೊದಲ."

ಕಡಲಿಗೂ ಕಮಲಾಪುರಕ್ಕೂ ಏನು ಸಂಬಂಧ? ಸಂಬಂಧ ಅವಳ ಅಜ್ಜಿ. ಪುಣೆಯ ಲೈಬ್ರರಿಯೊಂದರಲ್ಲಿ ಇಂಗ್ಲಿಷ್ ಸಾಹೇಬನೊಬ್ಬನ ದೋಣಿಗಳ ಪುಸ್ತಕ ತಿರುವುತ್ತಿದ್ದಾಗ ಈ ಫೋಟೋ ಕಣ್ಣಿಗೆ ಬಿತ್ತಂತೆ. ಒಂದು ದೊಡ್ಡ ತೊಗಲಿನ ಹರಿಗೋಲು. ಈ ಕಡೆ ಫ್ರಾಕಿನ ಹುಡುಗಿ, ಆ ಕಡೆ ಕೈಯಲ್ಲಿ ಚೂಪಾದ ಆರಿ ಹಿಡಿದ ಒಬ್ಬ ಹೆಂಗಸು. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇಷ್ಟು: ಒಳನಾಡಿನ ಹರಿಗೋಲು, ಕಮಲಾಪುರ. ಹೊಲಿಗೆ ಕಳಪೆ, ಅಂಚು ಕೂಡುವ ಸೇರುವೆ ಸರಿಯಾಗಿ ಮುಚ್ಚಿಲ್ಲ. ಮಾಡಿದವಳ ಹೆಸರು ತಿಳಿದಿಲ್ಲ.

"ಹೆಸರು ದುರಗವ್ವ ರಿ. ನಮ್ಮಪ್ಪನ ಅವ್ವ, ನಮ್ಮ ಆಯಿ," ಎಂದಳು ಶಶಿಕಲಾ. "ಆ ಹರಗೋಲ ಈಗೂ ಆ ಸಾಯಬನ ದೇಶದ ಮ್ಯೂಸಿಯಮ್‍ನಾಗ ಅದ. ಪತ್ರ ಬರ್ದೆ. ಹೆಸರ ಸೇರಸ್ತೀವಿ ಅಂದಾರ. ‘ಕಳಪೆ ಹೊಲಿಗಿ’ ಅಂದದ್ದರ ಕೆಳಗ ಹೆಸರ ಹಾಕಿದ್ರ ಏನ ಬಂತ್ರಿ? ಅದನ್ನ ತೆಗೀಬೇಕಂದ್ರ ಕಂಡಾವ್ರು ಯಾರರ ಬರ್ದು ಕೊಡಬೇಕಂತ. ಕಂಡಾವ್ರ ಪೈಕಿ ಉಳದಾವ್ರು ನೀವೊಬ್ಬರೇ."

ನಾನು ಟೀಪಾಯಿಯ ಮೇಲಿನ ಹಾಳೆಯನ್ನು ನೇರ ಮಾಡಿದೆ.

"ಕಮಲಾಪುರ ಸಂತ್ಯಾಗ ಇವತ್ತಿಗೂ ನಮ್ಮನಿಗಿ ಏನಂತಾರ ಗೊತ್ತದೇನ್ರಿ? ಹರಕ ಹೊಲಿಗಿ ಮನಿ ಅಂತಾರ. ನನಗ ನೌಕರಿ ಸಿಕ್ಕಾಗ, ಹರಕ ಹೊಲಿಗಿ ಮೊಮ್ಮಗಳು ಲೆಕ್ಚರರ್ ಆದ್ಳು ಅಂದ್ರು. ಆಯಿ ಮಾತ್ರ ಸಾಯೋತನಕ ಒಂದೇ ಮಾತು ಆಂಟಿ. ನೀರ ಕುಡಸದ ಒಯ್ಯಬ್ಯಾಡ್ರಿ ಅಂತ ನಾ ಹೇಳಿದ್ದೆ. ಆ ಕೂಸು ಸಾಯಬಗ ಹೇಳ್ಯದ. ಸಾಯಬಗೇ ತಿಳಿದಿಲ್ಲ ಅಂತಿದ್ಲು."

ಆ ಕೂಸು ಹೇಳ್ಯದ.

ಆಗಲೇ ನಾನು ಕನ್ನಡಕ ತೆಗೆದದ್ದು. ಒರೆಸಿದ್ದು. ನೆನಪಿಲ್ಲ ಎಂದದ್ದು.

ನೆನಪಿಲ್ಲವೇ? ನಿನ್ನೆ ಮಧ್ಯಾಹ್ನ ಏನು ಉಂಡೆ ಎಂದು ಕೇಳಿ, ತಡವರಿಸುತ್ತೇನೆ. ಇದು ಕುದುರೆಗಾಡಿಯ ಗಂಟೆಯ ಸದ್ದಿನ ಸಮೇತ ನೆನಪಿದೆ.

ನಿಜಾಮರ ಕಾಲ. ನನಗೆ ಹನ್ನೊಂದು ವರ್ಷ. ಅಪ್ಪ ಇಲ್ಲಿ ವಕೀಲರು. ಕೋಟೆಯ ಹತ್ತಿರ ಮನೆ, ಕಮಲಾಪುರದಲ್ಲಿ ಹೊಲ. ಕಚೇರಿಯಲ್ಲಿ ಉರ್ದು, ಅಡುಗೆಮನೆಯಲ್ಲಿ ಕನ್ನಡ, ಇಂಗ್ಲಿಷ್ ಯಾರ ಬಾಯಲ್ಲೂ ಇಲ್ಲ. ನನ್ನನ್ನು ಸಿಕಂದರಾಬಾದಿಗೆ ಕಳಿಸಿದ್ದೇ ಅದಕ್ಕೆ. ರಜೆಗೆ ಬಂದರೆ ಅಪ್ಪ ಗೆಳೆಯರ ಮುಂದೆ ನಿಲ್ಲಿಸಿ ರೈಮ್ ಹೇಳಿಸುತ್ತಿದ್ದರು. ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಎಲ್ಲರೂ ವಾಹ್ ವಾಹ್ ಎನ್ನುತ್ತಿದ್ದರು.

ಆ ರಜೆಯಲ್ಲಿ ಕೋಟೆ ನೋಡಲು ಒಬ್ಬ ಸಾಹೇಬ ಬಂದ. ಕೋಟೆ ಅವನಿಗೊಂದು ನೆಪ. ಅವನ ಹುಚ್ಚೆಲ್ಲ ದೋಣಿಗಳದು. ಕೊಂಕಣದ ಕಡೆ ಹೊಲಿದ ದೋಣಿಗಳನ್ನು ಅಳೆದೂ ಅಳೆದೂ ಒಂದು ಪೆಟ್ಟಿಗೆ ತುಂಬ ನೋಟ್‌ಬುಕ್ ತುಂಬಿಸಿಕೊಂಡಿದ್ದ. ಒಳನಾಡಿನವರು ಹೇಗೆ ಹೊಲಿಯುತ್ತಾರೆ ಎಂದು ಕಣ್ಣಾರೆ ನೋಡಬೇಕಿತ್ತು. ಅಪ್ಪ ತಮ್ಮ ಉರ್ದುವಿನಲ್ಲಿ ಸಾಹೇಬನ ಜೊತೆಗಿದ್ದ, ಕನ್ನಡ ಬಾರದ ಗುಮಾಸ್ತನ ಮೂಲಕ ಹೇಳಿಸಿದರು: ಕಮಲಾಪುರಕ್ಕೆ ಬನ್ನಿ, ಬೆಣ್ಣೆತೊರೆಯ ದಂಡೆಯಲ್ಲಿ ಹರಿಗೋಲು ಹೊಲಿಯುವವರಿದ್ದಾರೆ. ಭಾಷೆಗೆ ನನ್ನ ಮಗಳಿದ್ದಾಳೆ.

ಹಾಗೆ ನಾನು ಇಂಟರ್‌ಪ್ರಿಟರ್ ಆದೆ. ಲೇಸಿನ ಕಾಲರ್ ಹಾಕಿಕೊಂಡೇ ಹೋದೆ.

ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆಯ ಹಳ್ಳಿಗಳಿಗೆ ದುರಗವ್ವನ ಹರಿಗೋಲೇ ಗತಿ. ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಎಮ್ಮೆಯ ತೊಗಲಿನ ಹೊದಿಕೆ. ಗಂಡ ತೊಗಲು ಹದ ಮಾಡುತ್ತಿದ್ದ. ಹೊಲಿಗೆ ಮಾತ್ರ ಅವಳದೇ. ತೊಗಲಿನ ಅಂಚಿನ ಮೇಲೆ ಅಂಚು ಮಡಚಿ, ಆರಿಯಿಂದ ಚುಚ್ಚಿ, ನೀರಲ್ಲಿ ನೆನೆಸಿದ ತೊಗಲಿನ ಬಾರು ಎಳೆದು, ಹಲ್ಲಲ್ಲಿ ಕಚ್ಚಿ ಬಿಗಿಯುತ್ತಿದ್ದಳು. ಒಂದು ಸಾಲು ಹೊರಗೆ, ಒಂದು ಸಾಲು ಒಳಗೆ. ಸಾಹೇಬ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು, ಗೇಣಿಗೆ ಎಷ್ಟು ಹೊಲಿಗೆ ಎಂದು ಎಣಿಸಿ ಬರೆದುಕೊಳ್ಳುತ್ತಿದ್ದ. ನಾನು ಹತ್ತು ಹೆಜ್ಜೆ ದೂರ, ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದೆ. ಅಲ್ಲಿಂದಲೇ ಕೂಗಿ ಟ್ರಾನ್ಸ್‌ಲೇಟ್ ಮಾಡುತ್ತಿದ್ದೆ.

"ಸಾಯಬ ಏನ ಎಣಸಾಕತ್ಯಾನ, ಸಣ್ಣಕ್ಕಾರ?"

"ನಿನ್ನ ಹೊಲಿಗಿ."

"ಯಾಕಂತ? ನಾ ಎಂದೂ ಎಣಸಿಲ್ಲವ್ವಾ. ನೀರೇ ಎಣಸ್ತದ. ಒಂದ ಕಡಿಮಿ ಆದ್ರ ಒಳಗ ಬಂದು ಹೇಳ್ತದ." ಹೇಳಿ ಕಿಲಕಿಲ ನಕ್ಕಳು. ಆ ಮಾತನ್ನು ನಾನು ಸಾಹೇಬನಿಗೆ ಹೇಳಲಿಲ್ಲ. ಜೋಕನ್ನು ಇಂಗ್ಲಿಷಿಗೆ ತಿರುಗಿಸುವುದು ನನ್ನ ಪ್ರೈಜಿನ ಮಟ್ಟಕ್ಕೆ ಮೀರಿದ್ದು.

ಮೂರನೆಯ ದಿನ ಹರಿಗೋಲು ಮುಗಿಯಿತು. ಮುಗಿಯಿತು ಎಂದುಕೊಂಡೆವು. ಸೇರುವೆಯ ಕೊನೆಯಲ್ಲಿ ಗೇಣುದ್ದದ ಬಾರು ಹಾಗೇ ಜೋತಾಡುತ್ತಿತ್ತು. ಅಷ್ಟರಲ್ಲಿ ಸಾಹೇಬನಿಗೆ ಟೆಲಿಗ್ರಾಮ್ ಬಂತು. ಮರುದಿನ ಸಂಜೆಯ ಮೇಲ್ ರೈಲಿಗೆ ಮುಂಬೈಗೆ ಹೊರಡಬೇಕು, ಅಲ್ಲಿಂದ ಹಡಗು. ಗಡಿಬಿಡಿಯಲ್ಲಿ ಹರಿಗೋಲನ್ನು ಎತ್ತಿನ ಗಾಡಿಗೆ ಹೇರಿದರು. ನಾವು ಕುದುರೆಗಾಡಿ ಹತ್ತಿ ಮುಂದೆ ಬಂದೆವು.

ಮರುದಿನ ಬೆಳಿಗ್ಗೆ ಕಲಬುರಗಿಯ ನಮ್ಮ ಮನೆಯ ಗೇಟಿನ ಮುಂದೆ ಗಾಡಿ ನಿಂತಿತ್ತು. ಗಾಡಿಯ ಹಿಂದೆ ದುರಗವ್ವ. ಕಮಲಾಪುರದಿಂದ ನಡೆದೇ ಬಂದಿದ್ದಳು. ಒಂದು ಗಂಟು ಹಾಕುವುದಕ್ಕೆ.

"ಸಣ್ಣಕ್ಕಾರ, ಸಾಯಬರಿಗಿ ಹೇಳ್ರಿ. ಇದು ಇನ್ನಾ ನೀರ ಕುಡದಿಲ್ಲ. ಒಂದ ಹಗಲು ನೀರಾಗ ಕುಂದರಬೇಕು. ತೊಗಲ ಉಬ್ಬಿ, ಹೊಲಿಗಿ ತಂತಾನೇ ಬಿಗೀತದ. ಆಮ್ಯಾಲ ಕಡೀ ಗಂಟ ಹಾಕ್ತೀನಿ. ಹಂಗೇ ಒಯ್ದ್ರ ಒಣಗಿ ಬಾಯಿ ಬಿಡ್ತದ."

ಊರಲ್ಲಾದರೆ ಇದೊಂದು ವಿಷಯವೇ ಅಲ್ಲ. ಹೊಳೆಯಲ್ಲಿ ಇಳಿಸಿ, ಗೂಟಕ್ಕೆ ಕಟ್ಟಿ ಬಿಟ್ಟರೆ ಆಯಿತು. ಇಲ್ಲಿ ಹೊಳೆ ಎಲ್ಲಿದೆ? ನಮ್ಮ ಹಿತ್ತಲಲ್ಲಿ ಬಾವಿಯಿತ್ತು, ಅದರ ಪಕ್ಕದಲ್ಲಿ ದೊಡ್ಡ ಕಲ್ಲಿನ ತೊಟ್ಟಿ. ಅದನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ಊರ ಕೆರೆಯಲ್ಲಿ ಇಳಿಸಲೇ ಎಂದು ಕೇಳಿದಳು.

"ಹುಚ್ಚಿಯೇನಬೇ ನೀನು?" ಎಂದರು ಅಪ್ಪ, ಜಗುಲಿಯ ಮೇಲಿಂದಲೇ. "ಊರ ಕೆರಿಗಿ ತೊಗಲ ಇಳಸಿದ್ರ ಮಂದಿ ಸುಮ್ನ ಕುಂದರ್ತಾರೇನು?"

"ಮಳಿಗಾಲದಾಗ ಇದರಾಗೇ ಕುಂತು ಹೊಳಿ ದಾಟ್ತೀರಲ್ರೀ ವಕೀಲಸಾಬ್ರ."

"ಹೊಳಿ ಬ್ಯಾರೆ, ಕೆರಿ ಬ್ಯಾರೆ. ಹೊಳಿ ಹರೀತದ."

(ಆಹಾ, ವಕೀಲರ ಲಾಜಿಕ್! ಅಪ್ಪ ಪ್ರತಿ ಮಳೆಗಾಲ ಹೊಲ ನೋಡಲು ಬರಿಗಾಲಲ್ಲಿ ಆ ತೊಗಲಿನ ಮೇಲೆ ಕೂತೇ ಹೊಳೆ ದಾಟುತ್ತಿದ್ದರು. ಆಚೆ ದಡದಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದರು. ಯಾವ ನೀರಲ್ಲಿ? ಅದೇ ಹೊಳೆಯ ನೀರಲ್ಲಿ.)

"ಕೋಟಿ ಕಂದಕದ ನೀರಾದ್ರೂ ಆದೀತು ಧಣಿ. ಅದನ್ನ ಯಾರೂ ಕುಡಿಯೂದಿಲ್ಲ."

"ಕೋಟಿಯಾಗಿನ ಮಂದಿ ಕೇಳ್ತಾರ. ಅವರಿಗಿ ಯಾರು ಜವಾಬ ಕೊಡಬೇಕು? ನಡಿ ನಡಿ."

ಅಷ್ಟರಲ್ಲಿ ಸಾಹೇಬ ಹೊರಗೆ ಬಂದ. ದುರಗವ್ವನನ್ನು ನೋಡಿ ಅವನ ಮುಖ ಅರಳಿತು. ಏನು ಹೇಳುತ್ತಿದ್ದಾಳೆ ಎಂದು ನನ್ನನ್ನು ಕೇಳಿದ. ಅಪ್ಪ ನನ್ನ ಕಡೆ ತಿರುಗಿ ಅಂದದ್ದು ಇಷ್ಟೇ: "ಗಂಗೂ, ಅದೆಲ್ಲಾ ಹೇಳಕೋತ ಕುಂದರಬ್ಯಾಡ."

ಇಷ್ಟು ವರ್ಷ ನಾನು ಈ ಮಾತಿನ ಹಿಂದೆ ಅಡಗಿಕೊಂಡಿದ್ದೆ. ಅಪ್ಪ ಬೇಡ ಅಂದರು, ನಾನು ಚಿಕ್ಕವಳು, ಏನು ಮಾಡಲಿ? ಆದರೆ ಅಪ್ಪ ಸುಮ್ಮನಿರು ಅಂದಿದ್ದರು, ಅಷ್ಟೇ. ಸುಮ್ಮನಿರಬಹುದಿತ್ತು. ತಲೆ ಅಲ್ಲಾಡಿಸಬಹುದಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, ಸಿಸ್ಟರ್ ಕಲಿಸಿದ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ:

"ಶೀ ಸೇಸ್ ಇಟ್ ಈಸ್ ರೆಡಿ, ಸರ್. ಶೀ ಹ್ಯಾಸ್ ಕಮ್ ಟು ಸೇ ಗುಡ್‌ಬೈ."

ಗುಡ್‌ಬೈ ಎಂಬುದನ್ನು ಯಾರೂ ಕೇಳಿರಲಿಲ್ಲ. ಅದು ನನ್ನ ಕುಸುರಿ. ವಾಕ್ಯ ಎಷ್ಟು ಚಂದ ಬಂತು ಎಂದು ನನಗೇ ಹೆಮ್ಮೆಯಾಯಿತು. ಸಾಹೇಬನ ಮನಸ್ಸು ಕರಗಿತು. ಟೋಪಿ ತೆಗೆದು ದುರಗವ್ವನಿಗೆ ತಲೆಬಾಗಿದ. ಅವಳಿಗೆ ತನ್ನ ಮಾತು ತಲುಪಿತು ಅನ್ನಿಸಿರಬೇಕು.

"ಹೇಳಿದ್ರಿ?"

"ಹೇಳ್ದೆ."

"ಏನಂದ್ರು?"

"ಅವರ ಊರಾಗ ನೀರಾಗ ಇಡ್ತಾರಂತ."

"ಹಂಗಾದ್ರ ಗಂಟ ಹಾಕೂದು ಅವರಿಗಿ ತೋರಸ್ರೀ. ಇಲ್ಲಿ ನೋಡ್ರಿ." ಗೇಟಿನ ಸರಳುಗಳ ಆಚೆ ನಿಂತು, ಒಂದು ತುಂಡು ಬಾರು ತೆಗೆದು, ಎರಡು ಸಲ ಹಾಕಿ ಬಿಚ್ಚಿ ತೋರಿಸಿದಳು. ಒಳಗಿನಿಂದ ಹೊರಗೆ, ಎರಡು ಸುತ್ತು, ಬಾಲವನ್ನು ಮತ್ತೆ ಹೊಲಿಗೆಯ ಕೆಳಗೆ. "ತಿಳೀತೇನವ್ವಾ, ಶಾಣ್ಯಾ ಹುಡುಗಿ?" ತಿಳಿಯಿತು. ನಾನು ಶಾಣ್ಯಾ ಹುಡುಗಿಯೇ. ಇವತ್ತಿಗೂ ಆ ಗಂಟು ಕಣ್ಣು ಮುಚ್ಚಿ ಹಾಕುತ್ತೇನೆ. ನನ್ನ ಲಗೇಜಿಗೆ ಹಾಕುವುದು ಅದನ್ನೇ. ಸಾಹೇಬನಿಗೆ ತೋರಿಸಲಿಲ್ಲ.

ಆಗಲೇ ಅವನು ಈ ಫೋಟೋ ತೆಗೆದದ್ದು. ಜೆರಾಕ್ಸಿನಲ್ಲೂ ಕಾಣುತ್ತದೆ, ದುರಗವ್ವನ ಮೊಣಕೈ ಹತ್ತಿರ ಜೋತಾಡುವ ಆ ಗೇಣುದ್ದ ಬಾರು. ದೋಣಿಯ ಪಂಡಿತರು ಎಷ್ಟು ಜನ ಆ ಪುಟ ತಿರುವಿದರೋ. ಹಾಕದೇ ಬಿಟ್ಟ ಗಂಟನ್ನು ಒಬ್ಬರೂ ನೋಡಲಿಲ್ಲ. ಕಳಪೆ ಎಂದು ಬರೆದದ್ದನ್ನು ಎಲ್ಲರೂ ಓದಿದರು.

ಕೆಲವು ತಿಂಗಳ ನಂತರ ಸಾಹೇಬನ ಪತ್ರ ಬಂತು. ಮತ್ತೆ ನನ್ನ ರಜೆ. ಮತ್ತೆ ನಾನೇ ಇಂಟರ್‌ಪ್ರಿಟರ್. ಹಡಗಿನಲ್ಲೇ ತೊಗಲು ಒಣಗಿ, ಸೇರುವೆ ಉದ್ದಕ್ಕೂ ಬಾಯಿ ಬಿಟ್ಟಿತಂತೆ. ಕಡಲಿನವರ ಕೈಚಳಕ ಒಳನಾಡಿನವರಿಗೆ ಇಲ್ಲವೆಂದು ಬೇಸರದಿಂದ ಬರೆದಿದ್ದ. ಈ ಸಲ ನಾನು ಒಂದಕ್ಷರ ಬಿಡದೆ ತರ್ಜುಮೆ ಮಾಡಿದೆ. ನಿಜ ಹೇಳಬೇಕಾದಾಗ ಸುಳ್ಳು ಹೇಳಿದೆ, ಬಾಯಿ ಮುಚ್ಚಿಕೊಂಡಿರಬೇಕಾದಾಗ ವರ್ಡ್ ಫಾರ್ ವರ್ಡ್ ನಿಜ ಹೇಳಿದೆ. ಎಂಥ ಪ್ರೈಜು!

ಅಪ್ಪನಿಗೆ ತಮಾಷೆ. ವಿಲಾಯತಿಯಿಂದ ಪತ್ರ ಬಂದಿದೆ ಎಂದು ತೋರಿಸಬೇಕಲ್ಲ. ಕಮಲಾಪುರದ ಸಂತೆಯಲ್ಲಿ, ಹತ್ತು ಜನ ಪರಿಚಯಸ್ಥರ ನಡುವೆ ನಿಂತು ಓದಿದರು. ಅಂದರೆ, ಪತ್ರವನ್ನು ಕೈಯಲ್ಲಿ ಹಿಡಿದು ನಾನು ಹೇಳಿಕೊಟ್ಟದ್ದನ್ನು ಗಟ್ಟಿಯಾಗಿ ಹೇಳಿದರು. "ನಮ್ಮ ದುರಗವ್ವನ ಹೊಲಿಗಿ ಸಮುದ್ರ ಕಂಡು ಹೆದರಿ ಬಾಯಿ ಬಿಟ್ಟದಂತ್ರೋ!" ಸಂತೆ ನಕ್ಕಿತು. ನಾನು ಪಕ್ಕದಲ್ಲೇ ಇದ್ದೆ. ನಾನೂ ನಕ್ಕೆ.

ಸಂತೆಯಲ್ಲಿ ಹೊಳೆ ದಾಟಿಸುವ ಗುತ್ತೇದಾರನೂ ಇದ್ದ. ಮುಂದಿನ ಮಳೆಗಾಲಕ್ಕೆ ಎಲ್ಲಿಂದಲೋ ತಗಡಿನ ದೋಣಿ ತರಿಸಿದ. ದುರಗವ್ವ ಆಮೇಲೆ ಹರಿಗೋಲು ಹೊಲಿದದ್ದನ್ನು ಯಾರೂ ನೋಡಲಿಲ್ಲ. ಅಂಕುಶದಂಥ ಆ ಆರಿಯಿಂದ ಜನರ ಹರಿದ ಚಪ್ಪಲಿ ಹೊಲಿದಳು. ನಮ್ಮ ಮನೆಯವರ ಚಪ್ಪಲಿಯನ್ನೂ.

ಅವಳ ಹರಿಗೋಲು ಅವಳ ಜೀವಮಾನದಲ್ಲಿ ಒಮ್ಮೆಯಾದರೂ ಹೊಳೆಯಲ್ಲಿ ಸೋರಿತ್ತೇ? ಯಾರೂ ಕೇಳಲಿಲ್ಲ. ನಿನ್ನೆಯ ತನಕ ಅದರಲ್ಲೇ ಕೂತು ದಾಟಿದ ಜನ, ಕಾಣದ ಊರಿನಿಂದ ಬಂದ ಕಾಗದವನ್ನು ನಂಬಿದರು. ಇಂಗ್ಲಿಷಿನಲ್ಲಿ ಬರೆದಿತ್ತಲ್ಲ! ನಮ್ಮ ಕಣ್ಣೆದುರಿನ ಕೈಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ಈಗಲೂ ನಾವು ಯಾರನ್ನು ಕೇಳುತ್ತೇವೆ? ನನ್ನಂಥವರನ್ನು. ಕಾಲರ್ ನೋಡಿ.

ಶಶಿಕಲಾ ಹೋದ ಮೇಲೆ ಆ ಬಾಳೆಹಣ್ಣು ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಹಳೆಯ ಲೆಟರ್‌ಪ್ಯಾಡ್ ತೆಗೆದು, ಮ್ಯೂಸಿಯಮ್ಮಿಗೆ ಇಂಗ್ಲಿಷಿನಲ್ಲಿ ಬರೆದೆ. ಕಾನ್ವೆಂಟಿನ ದುಂಡು ಅಕ್ಷರ. ಡಿಯರ್ ಸರ್ ಎಂದು ಶುರುಮಾಡಿ ಎಷ್ಟು ಹಾಳೆ ಹರಿದೆನೋ. ಮೊದಲ ಹಾಳೆಯಲ್ಲಿ, ಭಾಷೆಯ ಗೊಂದಲದಿಂದ ತಪ್ಪಾಯಿತು ಎಂದು ಬರೆದಿದ್ದೆ. ಎರಡನೆಯದರಲ್ಲಿ, ಆ ಕಾಲದ ಸಮಾಜವೇ ಹಾಗಿತ್ತು ಎಂದು. ಕೊನೆಗೆ ಉಳಿದದ್ದು ನಾಲ್ಕು ಸಾಲು. ಹರಿಗೋಲು ಇನ್ನೂ ಮುಗಿದಿಲ್ಲ, ನೀರಿನಲ್ಲಿ ಇಡಬೇಕು, ಕೊನೆಯ ಗಂಟು ಬಾಕಿ ಇದೆ ಎಂದು ದುರಗವ್ವ ನನಗೆ ಹೇಳಿದಳು. ನಾವು ನೀರು ಕೊಡಲಿಲ್ಲ. ಮುಗಿದಿದೆ ಎಂದು ನಾನು ಹೇಳಿದೆ. ಆ ಮಾತು ನನ್ನದು, ಅವಳದಲ್ಲ.

ಫೋನು ಮಾಡಿದೆ. ಶಶಿಕಲಾ ಸಂಜೆ ಕಾಲೇಜು ಮುಗಿಸಿ ಬಂದಳು. ಈ ಸಲ ಕೈಯಲ್ಲಿ ಬಾಳೆಹಣ್ಣು ಇರಲಿಲ್ಲ. ಬಾಗಿಲ ಹತ್ತಿರ ನಿಂತೇ ಓದಿದಳು. ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕುಂದರವ್ವಾ, ಚಹಾ ಆರತದ," ಎಂದೆ.

ಕೂತಳು. ಕಪ್ಪನ್ನು ಮುಟ್ಟಲಿಲ್ಲ.

"ಆಯಿ ನಿಮ್ಮನ್ನ ಬಹಳ ನಂಬಿದ್ಲು ರಿ," ಎಂದಳು. "ನಾವು ಸಣ್ಣಾವ್ರಿದ್ದಾಗ ಸಾಲಿಗಿ ಹೋಗಂಗಿಲ್ಲ ಅಂತ ಹಟ ಮಾಡಿದ್ರ ಅಕಿ ಬೈಯೂದೇ ಹಂಗಿತ್ತು. ವಕೀಲರ ಹುಡುಗಿ ನೋಡ್ರಿ, ಇಷ್ಟ ಸಣ್ಣದಿತ್ತು, ಸಾಯಬನ ಮುಂದ ನಿಂತು ನನ್ನ ಮಾತ ಹ್ಯಾಂಗ ಹೇಳ್ತು, ಹಂಗ ಕಲೀರಿ ಅಂತ."

ಸಾರಿ ಅಂದೆ. ಆ ಪದ ಅಷ್ಟು ಸಣ್ಣದು ಎಂದು ನನಗೆ ಗೊತ್ತಿರಲಿಲ್ಲ.

"ಸಾರಿ ಇರಲಿ ಆಂಟಿ." ಪತ್ರವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. "ಇದನ್ನ ಇಂಗ್ಲಿಷಿನಾಗ ಬರ್ದೀರಿ. ಮ್ಯೂಸಿಯಮ್‍ನಾವ್ರಿಗಿ ತಿಳೀತದ. ನಮ್ಮೂರಾವ್ರಿಗಿ ಯಾರು ಹೇಳ್ತಾರ?"

ಹೋದಳು. ಚಹಾದ ಮೇಲೆ ಕೆನೆ ಕಟ್ಟಿತ್ತು.

ಆದ್ದರಿಂದ ಈ ವಾರ ಇದು. ಕನ್ನಡದಲ್ಲಿ. ದುರಗವ್ವನ ಹೊಲಿಗೆ ಹರಿದದ್ದಲ್ಲ. ಅದಕ್ಕೆ ಬೇಕಾಗಿದ್ದ ಒಂದು ತೊಟ್ಟಿ ನೀರನ್ನು ನಾವು ಕೊಡಲಿಲ್ಲ, ಅವಳ ಮಾತನ್ನು ನಾನು ದಾಟಿಸಲಿಲ್ಲ. ಕಮಲಾಪುರಕ್ಕೆ ಈ ಪತ್ರಿಕೆ ಬೆಳಗಿನ ಮೊದಲ ಬಸ್ಸಿಗೇ ಹೋಗುತ್ತದೆ ಎಂದು ನನಗೆ ಗೊತ್ತು. ಅಲ್ಲಿನ ಓದುಗರಲ್ಲಿ ಒಂದೇ ಕೇಳಿಕೆ.

ಸಂತೆಯ ದಿನ, ನಮ್ಮಪ್ಪ ನಿಂತ ಜಾಗದಲ್ಲೇ ನಿಂತು, ಅವರು ಓದಿದಷ್ಟೇ ಗಟ್ಟಿಯಾಗಿ, ಯಾರಾದರೂ ಇದನ್ನು ಓದುತ್ತೀರಾ?